ಇವತ್ತೇನೈತವ್ವ?

ಬೆಂಗಳೂರಿನ ಓದುಬರಹದ ಗೆಳೆಯರ ನಡುವೆ ಒಂದು ಜಪಾನಿ ಪದ ಈಗ ಓಡಾಡುತ್ತಿದೆ: ಒಮಕಾಸೆ. ಅರ್ಥ ಸರಳ, ‘ನಿಮಗೇ ಬಿಟ್ಟೆ’. ಆ ಬಗೆಯ ಹೋಟೆಲಿಗೆ ಹೋದವನು ಮೆನು ಕೇಳುವಂತಿಲ್ಲ. ಅಡುಗೆಯವನ ಎದುರಿಗೇ ಮರದ ಹಲಗೆಯ ಮುಂದೆ ಕೂರಬೇಕು. ಆ ದಿನ ಯಾವ ಮೀನು ಬಂದಿದೆ, ಯಾವುದು ಹದವಾಗಿದೆ ಎಂದು ಅವನೇ ನೋಡಿ, ಒಂದೊಂದೇ ತುಂಡು ಕತ್ತರಿಸಿ ಕೊಡುತ್ತಾನೆ. ಹಸಿಮೀನಿನ ತೆಳು ಹೋಳಿಗೆ ಸಾಶಿಮಿ ಎಂದು ಹೆಸರು. ಕೊಟ್ಟದ್ದನ್ನು ಕೊಟ್ಟ ಕ್ರಮದಲ್ಲಿ ತಿನ್ನಬೇಕು. ಇನ್ನೊಂದಿಷ್ಟು ಖಾರ ಬೇಕು ಅನ್ನುವುದೆಲ್ಲ ಅಲ್ಲಿ ಅಸಭ್ಯತೆ. ಹೀಗೆ ಉಂಡು ಬಂದ ಗೆಳೆಯರ ವರದಿಯನ್ನು ನಾನು ಹಲವು ಸಲ ಕೇಳಿದ್ದೇನೆ. ಎಲ್ಲ ವರದಿಗಳಲ್ಲೂ ಒಂದು ಮಾತು ತಪ್ಪದೆ ಬರುತ್ತದೆ. ‘ಅಡುಗೆಯವನಿಗೆ ಪೂರ್ತಿ ಶರಣಾಗಬೇಕು ಕಣ್ರೀ, ಅದೇ ಅದರ ಸೊಗಸು.’

ನನ್ನ ತಕರಾರು ಜಪಾನಿನ ಮೇಲಲ್ಲ, ಮೀನಿನ ಮೇಲೆ ಮೊದಲೇ ಅಲ್ಲ. ಶರಣಾಗುವ ಈ ಗೆಳೆಯರ ಮೇಲೆ. ಇದೇ ಜನ ಮಂಡ್ಯದ ಕಡೆ ಬಂದಾಗ, ತಗಡಿನ ಚಾವಣಿಯ ಮೆಸ್ಸಿನಲ್ಲಿ ಕೂತು, ‘ಮೆನು ಇಲ್ವಾ? ಏನು ಸ್ವಾಮಿ ಇದು, ಬೋರ್ಡಾದ್ರೂ ಹಾಕಬಾರದಾ?’ ಎಂದು ಮೂಗು ಮುರಿಯುತ್ತಾರೆ. ಅಡುಗೆ ಮಾಡಿದ ಹೆಂಗಸು ‘ಇವತ್ತು ಗೆಂಡೆ ಸಾರು ಅಷ್ಟೇ’ ಅಂದರೆ ಮುಖ ಕಿವುಚುತ್ತಾರೆ. ಮೇಲಿಂದ, ಉಂಡು ಕೈ ತೊಳೆದ ಮೇಲೆ ಸಾಮಾಜಿಕ ಜಾಲತಾಣದಲ್ಲಿ ಬರೆಯುತ್ತಾರೆ: ‘ನೂರಿಪ್ಪತ್ತು ರೂಪಾಯಿಗೆ ಹೊಟ್ಟೆ ಬಿರಿಯೆ ಊಟ, ನಮ್ಮ ಹಳ್ಳಿಯ ಒಮಕಾಸೆ!’ ಈ ಕೊನೆಯ ಸಾಲು ಮೂಗು ಮುರಿಯುವುದಕ್ಕಿಂತ ಹೆಚ್ಚು ಕೆರಳಿಸುತ್ತದೆ. ಅದಕ್ಕೇ ಈ ಬರಹ.

ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಎಂದರೆ ಹೊರಗಿನವರಿಗೆ ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರು, ಲಾರಿ, ಎತ್ತಿನ ಗಾಡಿಗಳ ಸಾಲು. ತೂಕಕ್ಕೆ ಸರದಿ ಕಾಯುವವರು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ರಸ್ತೆಯಲ್ಲೇ ಇರುತ್ತಾರೆ. ಇಂಥ ಜನಕ್ಕೆ ಅನ್ನ ಹಾಕುವ ಸಣ್ಣ ಹೋಟೆಲುಗಳು ಇಂಥ ರಸ್ತೆಗಳ ಬದಿಯಲ್ಲಿ ಎಲ್ಲ ಕಡೆಯೂ ಹುಟ್ಟುತ್ತವೆ. ಸೀಸನ್ ಮುಗಿದರೆ ಕೆಲವು ಮುಚ್ಚುತ್ತವೆ, ಕೆಲವು ಹೇಗೋ ಉಸಿರು ಹಿಡಿದುಕೊಂಡಿರುತ್ತವೆ. ಹೆಸರು ಇದ್ದರೆ ಮಿಲಿಟರಿ ಹೋಟೆಲ್ ಎಂದಿರುತ್ತದೆ, ಇಲ್ಲದಿದ್ದರೆ ಯಾರದೋ ‘ಅಕ್ಕನ ಮೆಸ್ಸು’. ಅಲ್ಲಿ ಒಳಗೆ ಕಾಲಿಡುತ್ತಲೇ ಕೇಳುವ ಪ್ರಶ್ನೆ ಒಂದೇ.

‘ಇವತ್ತೇನೈತವ್ವ?’

‘ಗೆಂಡೆ ಬಂದಿತ್ತು ಕಣಪ್ಪ, ಸಾರ್ ಮಾಡಿವ್ನಿ. ಜಿಲೇಬಿ ನಾಕೈತೆ, ಬೇಕಾದ್ರೆ ಕರೀತೀನಿ. ಮುದ್ದೆ ಇಕ್ಲಾ?’

‘ಇಕ್ಕವ್ವ, ಏನೈತೋ ಅದೇ ಇಕ್ಕು.’

ಈ ಮೂರು ಸಾಲಿನ ಮಾತುಕತೆಯಲ್ಲಿ ಏನೇನು ಅಡಗಿದೆ ಎಂದು ಬಿಡಿಸಿ ನೋಡಿ. ಜಿಲೇಬಿ ಎಂದರೆ ಸಿಹಿತಿಂಡಿ ಅಲ್ಲ, ತಿಲಾಪಿಯ ಮೀನಿಗೆ ಮೈಸೂರು–ಮಂಡ್ಯ ಸೀಮೆ ಇಟ್ಟ ಹೆಸರು. ಗೆಂಡೆಯಲ್ಲಿ ಕವಲೊಡೆದ ಸಣ್ಣ ಮುಳ್ಳು ಹೆಚ್ಚು, ಜಿಲೇಬಿಯಲ್ಲಿ ಕಡಿಮೆ. ಆದ್ದರಿಂದ ಗೆಂಡೆ ಸಾರಿಗೆ, ಜಿಲೇಬಿ ಹೆಂಚಿಗೆ. ಮುದ್ದೆಯ ಜೊತೆ ಮುಳ್ಳು ಬಿಡಿಸುತ್ತಾ ನಿಧಾನವಾಗಿ ಉಣ್ಣುವವನಿಗೆ ಒಂದು, ಟ್ರ್ಯಾಕ್ಟರು ಸರದಿ ಮುಂದಕ್ಕೆ ಹೋಯಿತೆಂದು ಎದ್ದು ಓಡಬೇಕಾದವನಿಗೆ ಇನ್ನೊಂದು. ಮಗುವನ್ನು ಕರೆದುಕೊಂಡು ಬಂದವರಿಗೆ ಅವಳು ಸಾರಿನ ಮೀನು ಹಾಕುವುದೇ ಇಲ್ಲ. ಕೇಳಿದರೆ ‘ಮುಳ್ಳೈತೆ’ ಎನ್ನುತ್ತಾಳೆ, ಅಷ್ಟೇ ವಿವರಣೆ. ಕಾಯಿಲೆಯಿಂದ ಎದ್ದವರಿಗೆ ಕೊರಮ ಮೀನು ಒಳ್ಳೆಯದೆಂಬ ನಂಬಿಕೆ ಇರುವುದರಿಂದ, ಸಿಕ್ಕ ದಿನ ಒಂದು ತುಂಡು ಯಾರದೋ ಮನೆಗೆ ಎತ್ತಿಡುತ್ತಾಳೆ.

ಮೀನು ತೊಳೆಯುವುದನ್ನು ನೋಡಬೇಕು. ಬೂದಿ ಹಾಕಿ ಒರಟು ಕಲ್ಲಿನ ಮೇಲೆ ಉಜ್ಜಿ, ಕಲ್ಲುಪ್ಪು ಅರಿಶಿನ ಹಚ್ಚಿ, ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಬಿಟ್ಟು, ಮತ್ತೆ ತೊಳೆದು. ಕೆರೆಮೀನಿಗೆ ಕೆಸರಿನ ವಾಸನೆ ಇರುತ್ತದೆ. ಆ ವಾಸನೆಗೆ ಮುಖ್ಯ ಕಾರಣ ನೀರಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು. ಮೊದಲ ಮಳೆಗೆ ಮಣ್ಣಿನಿಂದ ಏಳುವ ಕಂಪೂ ಅದರದೇ. ಕವಿತೆಯಲ್ಲಿ ಅದು ಮಣ್ಣಿನ ವಾಸನೆ, ತಟ್ಟೆಯಲ್ಲಿ ಬಂದರೆ ‘ಥೂ, ಕೆಸರು’. ಹುಳಿ ಅದನ್ನು ಒಡೆಯುತ್ತದೆ ಎಂದು ರಸಾಯನ ವಿಜ್ಞಾನ ಹೇಳುತ್ತದೆ. ಮಾಕವಳ್ಳಿಯ ಹೆಂಗಸು ಹುಣಸೆಹಣ್ಣು ಕಿವುಚುತ್ತಾಳೆ. ಸಾರು ಕುದಿಯುವಾಗ ಸೌಟು ಹಾಕುವಂತಿಲ್ಲ, ಮೀನು ಒಡೆಯುತ್ತದೆ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಬೇಕು. ಇವತ್ತಿನದಕ್ಕಿಂತ ನಾಳೆಗೆ ರುಚಿ ಏರುವ ಸಾರು ಅದು. ಹುಳಿ ಖಾರ ಒಳಗಿಳಿಯಲು ಒಂದು ರಾತ್ರಿ ಬೇಕು. ಇದೆಲ್ಲ ಗೊತ್ತಿದ್ದೇ ಖಾಯಂ ಗಿರಾಕಿಗಳು ‘ನಿನ್ನೇದು ಉಳಿದೈತಾ?’ ಎಂದು ಮೆಲ್ಲಗೆ ಕೇಳುತ್ತಾರೆ.

ಈಗ ಸಾಶಿಮಿಯ ಕಡೆಗೆ ಬರೋಣ. ನನ್ನ ಗೆಳೆಯರಲ್ಲಿ ಬಹಳ ಜನ ಅದನ್ನು ‘ಹಸಿಮೀನು, ತಾಜಾ ಇದ್ದರೆ ಸಾಕು’ ಎಂದುಕೊಂಡಿದ್ದಾರೆ. ಹಾಗಲ್ಲ. ಸಮುದ್ರದ ಮೀನಿನಲ್ಲೂ ಅನಿಸಾಕಿಸ್ ಎಂಬ ಹುಳು ಇರಬಹುದು. ಆದ್ದರಿಂದಲೇ ಅಮೆರಿಕದ ಆಹಾರ ನಿಯಮಗಳು ಹಸಿಯಾಗಿ ತಿನ್ನುವ ಹೆಚ್ಚಿನ ಮೀನುಗಳನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಹೆಪ್ಪುಗಟ್ಟಿಸಿಡಬೇಕು ಎನ್ನುತ್ತವೆ. ಟೂನಾದಂಥ ಮೀನನ್ನು ಜಾಣ ಅಡುಗೆಯವರು ಬೇಕೆಂದೇ ದಿನಗಟ್ಟಲೆ ತಂಪಿನಲ್ಲಿ ಮಾಗಿಸುತ್ತಾರೆ. ಹಿಡಿದ ಕೂಡಲೇ ಮೀನಿನ ತಲೆಗೆ ಮೊಳೆ ಹೊಡೆದು, ನರ ಹೊಸೆದು, ರಕ್ತ ಬಸಿದು ಕೊಲ್ಲುವ ಇಕೆಜಿಮೆ ಎಂಬ ವಿಧಾನವೇ ಇದೆ. ಮಾಂಸ ಬಿಗಿಯದೆ, ಬೇಗ ಕೆಡದೆ ಇರಲೆಂದು. ಕತ್ತಿಯ ಓಟವನ್ನು ಕಲಿಯಲು ವರ್ಷಗಳು ಬೇಕು. ಉರಿ ಇಲ್ಲದ ಅಡುಗೆಯಲ್ಲಿ ಕತ್ತಿಯೇ ಉರಿಯ ಕೆಲಸ ಮಾಡಬೇಕಲ್ಲ. ಇದೆಲ್ಲ ವಿದ್ಯೆ. ಈ ವಿದ್ಯೆಗೆ ಕೈಮುಗಿಯುವವರನ್ನು ಕಂಡು ನನಗೆ ಒಂದಿಷ್ಟೂ ಹೊಟ್ಟೆಯುರಿ ಇಲ್ಲ.

ಹಾಗೆಂದು ಮಾಕವಳ್ಳಿಯಲ್ಲಿ ಯಾರಾದರೂ ಕೆರೆಮೀನಿನ ಸಾಶಿಮಿ ಮಾಡಿಕೊಡಿ ಎಂದರೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ಆಟೋ ನಿಲ್ಲಿಸಿಕೊಂಡಿರಬೇಕು. ಈಶಾನ್ಯ ಥಾಯ್ಲೆಂಡ್ ಮತ್ತು ಲಾವೋಸಿನಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿ ತಿನ್ನುವ ರೂಢಿಯಿಂದ ಯಕೃತ್ತಿನ ಹುಳು ಸೇರಿ, ಪಿತ್ತನಾಳದ ಕ್ಯಾನ್ಸರಿನವರೆಗೆ ಹೋಗುವುದನ್ನು ವೈದ್ಯರು ದಶಕಗಳಿಂದ ಕಾಣುತ್ತಿದ್ದಾರೆ. ಸಮುದ್ರದ ಮೀನು ಮಂಗಳೂರಿನಿಂದ ಘಟ್ಟ ಹತ್ತಿ ಐಸಿನ ಪೆಟ್ಟಿಗೆಯಲ್ಲಿ ಇಲ್ಲಿಗೂ ಬರುತ್ತದೆ, ಬೇಯಿಸಲು ಸಾಕಾಗುವಷ್ಟು ಹಸನಾಗಿ. ಹಾಗಾಗಿ ಇಲ್ಲಿ ಮೀನನ್ನು ಬೇಯಿಸುವುದು, ಹುಳಿ ಹಿಂಡುವುದು ನಾಲಿಗೆಯ ಒರಟುತನದಿಂದ ಅಲ್ಲ, ಈ ನೀರು ಈ ಮೀನಿನ ಬಗ್ಗೆ ಇರುವ ತಿಳಿವಳಿಕೆಯಿಂದ. ಅಲ್ಲಿ ಕತ್ತಿ ಮಾಡುವ ಕೆಲಸವನ್ನು ಇಲ್ಲಿ ಹುಣಸೆಹಣ್ಣು ಮಾಡುತ್ತದೆ. ಒಂದನ್ನು ಕಲೆ, ಇನ್ನೊಂದನ್ನು ‘ಸಖತ್ ಖಾರ ಗುರೂ’ ಎಂದು ಕರೆಯುವ ನಮ್ಮ ನಾಲಿಗೆಗೆ ತಿಳಿವಳಿಕೆ ಸಾಲದು.

‘ಹೋಲಿಸಬೇಡಿ, ಅದು ಶತಮಾನಗಳ ಪರಂಪರೆ’ ಎಂದು ಒಬ್ಬ ಗೆಳೆಯರು ನನ್ನನ್ನು ತಿದ್ದಿದರು. ಪರಂಪರೆಯ ಕತೆಯನ್ನೇ ನೋಡೋಣ. ಈಗ ನಾವು ತಿಳಿದಿರುವ ಬಗೆಯ ಸುಶಿ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಎಡೋ ನಗರದ, ಎಂದರೆ ಇಂದಿನ ಟೋಕಿಯೋದ, ಬೀದಿಬದಿಯ ಗಾಡಿಗಳಲ್ಲಿ ಬೆಳೆದದ್ದು. ಕೂಲಿಯವರು, ಕಸುಬುದಾರರು ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ ತಿಂಡಿ. ಹನಾಯಾ ಯೊಹೇ ಎಂಬ ವ್ಯಾಪಾರಿಯ ಹೆಸರು ಈ ಕತೆಯಲ್ಲಿ ಬರುತ್ತದೆ. ಇವತ್ತು ಒಮಕಾಸೆಯ ಕಿರೀಟದಂತಿರುವ ಟೂನಾದ ಹೊಟ್ಟೆಭಾಗದ ಕೊಬ್ಬಿನ ತುಂಡನ್ನು ಒಂದು ಕಾಲಕ್ಕೆ ‘ಬೆಕ್ಕೂ ದಾಟಿಕೊಂಡು ಹೋಗುತ್ತದೆ’ ಎಂದು ಅಲ್ಲಿನವರೇ ಹಳಿಯುತ್ತಿದ್ದರು. ತಂಪು ಪೆಟ್ಟಿಗೆ ಇಲ್ಲದ ಕಾಲದಲ್ಲಿ ಕೊಬ್ಬು ಬೇಗ ಕೆಡುತ್ತಿತ್ತು. ಸಾಶಿಮಿ ತಟ್ಟೆಯ ಗುರುತೇ ಆಗಿರುವ ಕಿತ್ತಳೆ ಬಣ್ಣದ ಸಾಲ್ಮನ್ ಇನ್ನೂ ಹೊಸದು. ತಮ್ಮ ಕಡಲಿನ ಸಾಲ್ಮನ್‌ನಲ್ಲಿ ಹುಳುವಿನ ಭಯವಿದ್ದುದರಿಂದ ಜಪಾನಿಯರು ಅದನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದ ನಡುವೆ ನಾರ್ವೆ ತನ್ನ ಸಾಕಣೆ ಮೀನನ್ನು ಮಾರಲು ಅಲ್ಲಿ ವರ್ಷಗಟ್ಟಲೆ ಪ್ರಚಾರ ಮಾಡಿದ ಮೇಲೆ ಅದು ಸುಶಿಯ ಮೇಲೆ ಬಂದು ಕೂತದ್ದು. ಗಾಡಿಯ ತಿಂಡಿಗೆ ಗೌರವ ಬಂದದ್ದು ಮೀನು ಬದಲಾದ್ದರಿಂದ ಅಲ್ಲ. ಮಾಡುವವನ ಹೆಸರನ್ನು ಅಲ್ಲಿನವರು ಹೇಳಲು ಕಲಿತರು, ಬರೆಯಲು ಕಲಿತರು, ದುಡ್ಡು ಕೊಡಲು ಕಲಿತರು.

ನಮ್ಮ ಕಡೆಯೂ ‘ನಮ್ಮ ನೆಲದ ಅಪ್ಪಟ ಊಟ’ ಎಂದು ಎದೆ ತಟ್ಟುವವರು ಇದ್ದಾರೆ. ಅವರಿಗೂ ಒಂದು ಮಾತು. ಜಿಲೇಬಿ ಮೀನು ಆಫ್ರಿಕದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಕಾಟ್ಲಾ, ರೋಹು ಗಂಗೆಯ ಬಯಲಿನವು. ಸಾಕಣೆಯ ಗೆಂಡೆ ಹೊರದೇಶದಿಂದ ಬಂದದ್ದು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂತು. ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ನಾಡು, ಬಂದು ಸಾವಿರಾರು ವರ್ಷವಾಯಿತು ಅಷ್ಟೆ. ಅಪ್ಪಟವಾಗಿ ಕಾವೇರಿಯದೇ ಆದ ಗೂನುಬೆನ್ನಿನ ಮಾಶೀರ್ ಮೀನು 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅಪ್ಪಟವಾದದ್ದನ್ನು ನಾವು ಉಳಿಸಿಕೊಂಡ ರೀತಿ ಇದು. ಮಾಕವಳ್ಳಿಯ ತಟ್ಟೆ ದೊಡ್ಡದು ಎಂದು ನಾನು ಹೇಳುವುದು ಅದು ಶುದ್ಧ ಎಂಬ ಕಾರಣಕ್ಕೆ ಅಲ್ಲ. ಬಂದದ್ದನ್ನೆಲ್ಲ ಒಳಗೆ ಕರೆದು ಹುಣಸೆಹುಳಿ ಹಾಕಿ ನಮ್ಮದು ಮಾಡಿಕೊಂಡ ಅಡುಗೆ ಅದು ಎಂಬ ಕಾರಣಕ್ಕೆ.

ಹಾಗಿದ್ದೂ ಈ ಅಡುಗೆಗೆ ಹೆಸರಿಲ್ಲದೆ ಹೋದದ್ದು ಹೇಗೆ? ಇಲ್ಲಿ ಸಾಹಿತ್ಯದವರಾದ ನಾವು ಉತ್ತರ ಕೊಡಬೇಕಾಗುತ್ತದೆ.

ಕನ್ನಡದ ಹಳೆಯ ಪಾಕಗ್ರಂಥಗಳಲ್ಲಿ ಹೆಸರಾದದ್ದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ಹದಿನಾರನೇ ಶತಮಾನದ ಮೊದಲ ವರ್ಷಗಳದ್ದು. ಮಂಗರಸ ಜೈನ. ಗ್ರಂಥ ಪೂರ್ತಿ ಸಸ್ಯಾಹಾರ, ಬದನೆಕಾಯಿಗೆ ವಿಶೇಷ ಮರ್ಯಾದೆ. ಅದಕ್ಕೂ ಸುಮಾರು ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಮೀನಿನ ಜಾತಿಗಳು, ಗಾಳ ಹಾಕುವ ಬಗೆ, ಮೀನು ಮಾಂಸ ಬೇಯಿಸುವ ವಿಧಾನ ಎಲ್ಲ ಇದೆ. ಆದರೆ ಅದು ಇರುವುದು ಸಂಸ್ಕೃತದಲ್ಲಿ. ಕನ್ನಡ ನಾಡಿನ ದೊರೆಯ ಮೀನು ಸಂಸ್ಕೃತಕ್ಕೆ ಹೋಯಿತು, ಕನ್ನಡಕ್ಕೆ ಬದನೆಕಾಯಿ ಬಂತು. (ಬದನೆಕಾಯಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಮೀನಿನ ಸಾರಿಗೇ ಬದನೆಕಾಯಿ ಹಾಕುವ ಮನೆಗಳಿವೆ.)

ನಮ್ಮ ಈ ಸೀಮೆಯ ಸಾಹಿತ್ಯದ ಭೂಪಟ ತೆಗೆಯಿರಿ. ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನಲ್ಲಿ ಎ.ಎನ್. ಮೂರ್ತಿರಾವ್, ಮೇಲುಕೋಟೆಯಲ್ಲಿ ಪು.ತಿ. ನರಸಿಂಹಾಚಾರ್. ಮೊದಲಿನ ಎರಡೂ ಊರು ಕೆ.ಆರ್. ಪೇಟೆ ತಾಲ್ಲೂಕಿನವು, ಮೂರನೆಯದು ಪಕ್ಕದ ಪಾಂಡವಪುರದ್ದು. ಮೂವರನ್ನೂ ನಾನು ಪ್ರೀತಿಯಿಂದ ಓದುತ್ತೇನೆ. ಪ್ರಬಂಧ ಬರೆಯಲು ಕೂತವರಲ್ಲಿ ಮೂರ್ತಿರಾಯರ ಋಣ ಇಲ್ಲದವರು ಯಾರು? ಆದರೆ ಇವರ ಬರಹದಿಂದ ನಮಗೆ ಸಿಕ್ಕ ಹೇಮಾವತಿ ದಂಡೆಯ ಮನೆಗಳಲ್ಲಿ ಮೀನಿನ ವಾಸನೆ ಬರುವುದಿಲ್ಲ. ಅದು ಅವರ ತಪ್ಪಲ್ಲ, ಅವರವರ ಮನೆಯ ಒಲೆಯನ್ನು ಅವರು ಬರೆದರು. ತಪ್ಪು ಆ ಮೂರು ಒಲೆಗಳನ್ನೇ ಇಡೀ ಸೀಮೆಯ ಅಡುಗೆಮನೆ ಎಂದುಕೊಂಡ ನಮ್ಮ ಪಠ್ಯಪುಸ್ತಕಗಳದ್ದು, ಉಪನ್ಯಾಸಗಳದ್ದು. ಮಲೆನಾಡಿಗೆ ಕುವೆಂಪು ಇದ್ದರು, ಬೇಟೆಯೂ ಬಾಡೂ ಕಾದಂಬರಿಯೊಳಗೆ ನಾಚದೆ ನಡೆದು ಬಂದವು. ಆಮೇಲೆ ತೇಜಸ್ವಿ ಗಾಳ ಹಿಡಿದು ಕೂತರು. ಬಯಲುಸೀಮೆಯ ಮೀನುಸಾರಿಗೆ ಅಷ್ಟು ದೊಡ್ಡ ಅದೃಷ್ಟ ಬರಲಿಲ್ಲ. ದಲಿತ, ಬಂಡಾಯದ ಬರಹಗಾರರು ಬರೆದರು, ಅದನ್ನು ನಾವು ‘ಹಸಿವಿನ ಚಿತ್ರಣ’ ಎಂದು ಓದಿದೆವು. ರುಚಿಯ ಚಿತ್ರಣ ಎಂದು ಓದಲಿಲ್ಲ. ಬಡವನ ತಟ್ಟೆಯಲ್ಲಿ ನಮಗೆ ಕಾಣುವುದು ಹಸಿವು ಮಾತ್ರ. ಉಪ್ಪು ಹೆಚ್ಚಾಯಿತು, ಕೊತ್ತಂಬರಿ ಸೀದಿತು ಎಂದು ಅವನಿಗೂ ಗೊತ್ತಾಗುತ್ತದೆ ಎಂಬುದು ನಮ್ಮ ವಿಮರ್ಶೆಗೆ ಹೊಳೆಯುವುದು ಅಪರೂಪ.

ಇದರ ಫಲ ಏನೆಂದು 2024ರ ಡಿಸೆಂಬರ್‌ನಲ್ಲಿ ಕಂಡಿತು. 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಸಮ್ಮೇಳನಕ್ಕೆ ಮುಂಚೆ ಹೊರಬಿದ್ದ ಸೂಚನೆಗಳಲ್ಲಿ ಮದ್ಯ, ತಂಬಾಕು ಪದಾರ್ಥಗಳ ಪಕ್ಕದಲ್ಲೇ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಲಾಗಿತ್ತು. ಮಂಡ್ಯದ ಜನ ಸುಮ್ಮನಿರಲಿಲ್ಲ. ಬಾಡೂಟ ಬೇಕೆಂದು ಸಂಘಟನೆಗಳು ಬೀದಿಗಿಳಿದವು, ಕೋಳಿ ಸಂಗ್ರಹಿಸುವ ಅಭಿಯಾನಕ್ಕೂ ಹೊರಟವು. ಆಗ ನಮ್ಮ ಸಾಹಿತ್ಯವಲಯದ ಅನೇಕ ಹಿರಿಯರು ಆಡಿದ ಮಾತು: ‘ಸಾಹಿತ್ಯದ ಹಬ್ಬದಲ್ಲಿ ಊಟದ ಗಲಾಟೆ ಏಕೆ? ಮೂರು ದಿನ ಬಾಡು ತಿನ್ನದಿದ್ದರೆ ಏನಾಗುತ್ತದೆ?’

ಏನೂ ಆಗುವುದಿಲ್ಲ. ಮೂರು ದಿನ ಹೋಳಿಗೆ ತಿನ್ನದಿದ್ದರೂ ಏನೂ ಆಗುವುದಿಲ್ಲ. ಪ್ರಶ್ನೆ ಊಟದ ಎಲೆಯದಲ್ಲ, ಪಟ್ಟಿಯದು. ತನ್ನ ಮನೆಯಲ್ಲಿ ಹಬ್ಬಕ್ಕೆ, ಹರಕೆಗೆ, ಬಾಣಂತಿಗೆ, ಸತ್ತವರ ಎಡೆಗೆ ಬೇಯುವ ಪದಾರ್ಥವನ್ನು ಸಿಗರೇಟಿನ ಪಕ್ಕದಲ್ಲಿ ಬರೆದು ‘ನಿಷೇಧಿಸಲಾಗಿದೆ’ ಎಂದಾಗ ಮಂಡ್ಯದ ಹುಡುಗನೊಬ್ಬ ಕನ್ನಡ ಸಾಹಿತ್ಯದ ಬಗ್ಗೆ ಏನು ತಿಳಿದುಕೊಳ್ಳಬೇಕು? ಲಕ್ಷಾಂತರ ಜನಕ್ಕೆ ಮಾಂಸದೂಟ ಬಡಿಸುವುದು ಕಷ್ಟ, ಶುಚಿತ್ವ ನೋಡಿಕೊಳ್ಳುವುದು ಕಷ್ಟ ಎಂಬ ವಾದವೂ ಬಂತು. ಕಷ್ಟ ನಿಜ. ಆದರೆ ಕಷ್ಟವಾದದ್ದಕ್ಕೆ ‘ಮಾಡಲಾಗುತ್ತಿಲ್ಲ’ ಎಂದು ಬರೆಯುತ್ತಾರೆ, ‘ನಿಷೇಧ’ ಎಂದು ಬರೆಯುವುದಿಲ್ಲ. ಅದೂ ಅಲ್ಲದೆ ಬೀಗರ ಊಟಕ್ಕೆ ಸಾವಿರಾರು ಜನಕ್ಕೆ ಮುದ್ದೆ, ಬೋಟಿ ಗೊಜ್ಜು, ಕೈಮ ಉಂಡೆ ಬಡಿಸಿ, ಹೊತ್ತು ಮುಳುಗುವುದರೊಳಗೆ ಪಾತ್ರೆ ತೊಳೆದು ಕವುಚುವ ಅಡುಗೆಯವರು ಇರುವ ಜಿಲ್ಲೆ ಅದು. ಅವರನ್ನು ಕರೆದು ಒಂದು ಮಾತು ಕೇಳಬಹುದಿತ್ತು, ‘ನಿಮಗೇ ಬಿಟ್ಟೆವು’ ಎಂದು. ಆ ಮಾತು ಜಪಾನಿಯಲ್ಲಿ ಬಂದಾಗ ಮಾತ್ರ ನಮ್ಮವರ ಕಿವಿಗೆ ಇಂಪು.

ಈಗ ದುಡ್ಡಿನ ಮಾತು. ಬೆಂಗಳೂರಿನಲ್ಲಿ ಒಮಕಾಸೆಗೆ ಒಬ್ಬರಿಗೆ ಐದಾರು ಸಾವಿರ ಬಿಲ್ಲಾದರೆ ಯಾರೂ ಬೆಚ್ಚುವುದಿಲ್ಲ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25ರ ಇಳುವರಿಗೆ ನಿಗದಿ ಮಾಡಿದ್ದ ಕಬ್ಬಿನ ಬೆಲೆ ಕ್ವಿಂಟಲ್‌ಗೆ 340 ರೂಪಾಯಿ, ಟನ್ನಿಗೆ 3,400. ಎಂದರೆ ಇಬ್ಬರು ಕೂತು ಉಂಡು ಏಳುವಾಗ ಮೂರು ಟನ್ ಕಬ್ಬು ಕರಗಿರುತ್ತದೆ. ವಿಮಾನದಲ್ಲಿ ಬರುವ ಮೀನು, ಕೊನೆಯವರೆಗೆ ಕಡಿಯದ ತಂಪು, ವರ್ಷಗಳ ತರಬೇತಿ, ಬೆಂಗಳೂರಿನ ಬಾಡಿಗೆ, ಎಲ್ಲ ಸೇರಿ ಅಷ್ಟಾಗುತ್ತದೆ ಎಂದು ಒಪ್ಪುತ್ತೇನೆ. ನಾನು ಒಪ್ಪದಿರುವುದು ಅದೇ ಗೆಳೆಯರು ಮಾಕವಳ್ಳಿಯ ಊಟವನ್ನು ಹೊಗಳುವ ಒಂದೇ ಒಂದು ರೀತಿಯನ್ನು: ‘ಎಷ್ಟು ಅಗ್ಗ ಗೊತ್ತಾ!’

ಅಗ್ಗ ಹೇಗಾಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅಡುಗೆ ಮಾಡುವವಳ ಕೂಲಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಪಾತ್ರೆ ತೊಳೆಯುವ ಸೊಸೆಗೆ, ಬಡಿಸುವ ಮಗನಿಗೆ ಸಂಬಳವಿಲ್ಲ. ಬೆಳಗಿನ ಜಾವ ಮೀನು ತರಲು ಹೋಗುವ ಗಂಡನ ಪೆಟ್ರೋಲು ಬರೆದಿಟ್ಟವರಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಟೆಂಡರಿನಲ್ಲಿ, ಗುತ್ತಿಗೆಯಲ್ಲಿ ಹೋಗಿರುತ್ತದೆ. ಗುತ್ತಿಗೆದಾರ ಹೇಳಿದ ದರಕ್ಕೆ ಕೊಳ್ಳಬೇಕು. ಸಿಲಿಂಡರ್ ದರ ಏರಿದಾಗ ಸೌದೆಗೆ ತಿರುಗಬೇಕು, ಹೊಗೆ ಕುಡಿಯಬೇಕು. ಊಟಕ್ಕೆ ಹತ್ತು ರೂಪಾಯಿ ಏರಿಸಿದರೆ ಸರದಿಯಲ್ಲಿ ನಿಂತ ಡ್ರೈವರು ಪಕ್ಕದ ಅಂಗಡಿಗೆ ಹೋಗುತ್ತಾನೆ, ಅವನ ಜೇಬೂ ಅಷ್ಟೇ ಇರುವುದು. ‘ಏರಿಸ್ಬೌದಲ್ಲವ್ವ’ ಅಂದರೆ ಒಬ್ಬಾಕೆ ನಕ್ಕು ಹೇಳಿದ್ದು: ‘ನೀವ್ ಬರೋದು ವರ್ಸಕ್ಕೊಂದ್ಸಲ ಕಣಪ್ಪ, ಅವ್ರು ದಿನಾ ಬತ್ತಾರೆ.’ ಡ್ರೈವರಿಗೆ ಅವಳು ಅಗ್ಗವಾಗಿ ಬಡಿಸುವುದರಲ್ಲಿ ಒಂದು ನ್ಯಾಯವಿದೆ. ಕಾರಿನಲ್ಲಿ ಬಂದ ನಾವು ಅದೇ ದರ ಕೊಟ್ಟು, ಫೋಟೋ ಹೊಡೆದು, ಅಗ್ಗವನ್ನೇ ಊಟದ ಗುಣವೆಂದು ಸಾರುವುದರಲ್ಲಿ ಯಾವ ನ್ಯಾಯವೂ ಇಲ್ಲ. ಅವಳ ಬಿಟ್ಟಿ ದುಡಿಮೆಯ ಮೇಲೆ ನಮಗೆ ಸಿಗುವ ರಿಯಾಯಿತಿ ಅದು. ನಮ್ಮದೇ ಪುಸ್ತಕಕ್ಕೆ ಯಾರಾದರೂ ‘ತುಂಬಾ ಅಗ್ಗ, ಓದಲೇಬೇಕು’ ಎಂದು ವಿಮರ್ಶೆ ಬರೆದರೆ ನಮಗೆ ಹೇಗಾದೀತು?

ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ವಿದ್ಯಾರ್ಥಿ ಗೆಳೆಯನೊಬ್ಬ ಕೇಳಿದ: ‘ಸಾರ್, ಕೊಟ್ಟದ್ದನ್ನ ತಿನ್ನೋದು ನಿಮಗೆ ನಂಬಿಕೆ ಥರ ಕಾಣುತ್ತೆ. ನಮ್ಮ ತಾತನಿಗೆ ಕೊಟ್ಟದ್ದನ್ನ ತಿನ್ನು ಅಂದದ್ದು ಬೇರೆ ಥರ.’ ಅವನ ಮಾತು ನೇರ. ಹಳ್ಳಿಯ ಹೋಟೆಲಿನ ಹೊರಗೆ ಬೇರೆ ಲೋಟ, ಬೇರೆ ತಟ್ಟೆ ಇಟ್ಟಿದ್ದ ಕಾಲ ಇತ್ತು. ಅದು ಎಲ್ಲ ಕಡೆಯೂ ಮುಗಿದಿದೆ ಎಂದು ಎದೆ ಮುಟ್ಟಿ ಹೇಳಲು ನನ್ನಿಂದ ಆಗುವುದಿಲ್ಲ. ಜಗಲಿಯ ಕೆಳಗೆ ಕೂತವನಿಗೆ ‘ನಿಮಗೇ ಬಿಟ್ಟೆ’ ಎನ್ನುವ ಸ್ವಾತಂತ್ರ್ಯ ಎಲ್ಲಿತ್ತು? ಬೇಡ ಎನ್ನಬಲ್ಲವನು ‘ನಿಮಗೇ ಬಿಟ್ಟೆ’ ಎಂದರೆ ಮಾತ್ರ ಅದು ನಂಬಿಕೆ. ಅಂಥವನಿಗೆ ಗೋಡೆಯ ಮೇಲೆ ದರ ಸಮೇತ ಬರೆದ ಪಟ್ಟಿ ಒಂದು ದೊಡ್ಡ ಬಿಡುಗಡೆ, ದುಡ್ಡು ಇಟ್ಟು ಬೇಕಾದ್ದನ್ನು ಕೇಳುವ ಹಕ್ಕು. ಹಾಗಾಗಿ ಮೆನು ಇಲ್ಲದಿರುವುದನ್ನೇ ದೊಡ್ಡ ಮೌಲ್ಯ ಮಾಡಿ ಕೂರಿಸುವವರ ಜೊತೆ ನಾನಿಲ್ಲ. ಮಾಕವಳ್ಳಿಯ ಸಾಲುಬೆಂಚಿನಲ್ಲಿ ನನಗೆ ಹಿಡಿಸಿದ್ದು ಬೋರ್ಡು ಇಲ್ಲದ್ದಲ್ಲ, ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ ಬಂದವರು, ಊರಿನ ಗೌಡರು, ಕಾರ್ಖಾನೆಯ ಗುಮಾಸ್ತರು ಒಂದೇ ಹಲಗೆಯ ಮೇಲೆ ಮೊಣಕೈ ತಾಗಿಸಿಕೊಂಡು, ಒಂದೇ ಪಾತ್ರೆಯ ಸಾರನ್ನು ಒಂದೇ ಬಗೆಯ ತಟ್ಟೆಯಲ್ಲಿ ಉಣ್ಣುತ್ತಿದ್ದುದು. ಮಿಲಿಟರಿ ಹೋಟೆಲು ಎಂಬ ಸಂಸ್ಥೆ ಈ ನಾಡಿಗೆ ಮಾಡಿದ ಉಪಕಾರದಲ್ಲಿ ಇದು ದೊಡ್ಡದು. ಸೀಟು ಹಿಡಿಯುವುದರಲ್ಲೇ ವರ್ಗ ಗೊತ್ತಾಗುವ ದುಬಾರಿ ಒಮಕಾಸೆಗೆ ಅದು ಸಾಧ್ಯವಿಲ್ಲ. ‘ಹಳ್ಳಿಯ ಒಮಕಾಸೆ’ ಎಂಬ ಬಿರುದು ನನ್ನನ್ನು ಕೆರಳಿಸುವುದು ಇದಕ್ಕೇ. ಅದು ಮೆಸ್ಸನ್ನು ಹೊಗಳುತ್ತಲೇ ಅದರಲ್ಲಿರುವ ಹೆಚ್ಚಿನದನ್ನು ಅಳಿಸಿಹಾಕುತ್ತದೆ.

ಈ ಹೋಟೆಲುಗಳು ಯಾವಾಗಲೂ ಇರುತ್ತವೆ ಎಂಬ ಭ್ರಮೆಯೂ ಬೇಡ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಪಕ್ಕಕ್ಕೆ ಸರಿದವು. ಹಳೆಯ ರಸ್ತೆಯ ಬದಿಯಲ್ಲಿ ಇಡ್ಲಿ, ವಡೆ, ಬಾಡೂಟ ಮಾರಿ ಬದುಕಿದ್ದವರ ಗಲ್ಲಾಪೆಟ್ಟಿಗೆ ಹೇಗೆ ಹಗುರಾಯಿತು ಎಂದು ಪತ್ರಿಕೆಗಳು ಬರೆದವು, ನಾವು ಮರೆತೆವು. ಬೇಗ ಮೈಸೂರು ಸೇರುತ್ತೇವೆ ಎಂಬ ಖುಷಿ ನಮಗೆ. ಮಾಕವಳ್ಳಿಯಂಥ ಒಳಊರಿನ ಮೆಸ್ಸಿಗೆ ಆ ಹೆದ್ದಾರಿಯ ಪೆಟ್ಟು ನೇರವಾಗಿ ಬಿದ್ದಿಲ್ಲ. ಆದರೆ ಒಂದು ಹಂಗಾಮು ಕಬ್ಬು ಕಡಿಮೆಯಾದರೆ, ಮಳೆ ಕೈಕೊಟ್ಟು ಕೆರೆ ಬತ್ತಿದರೆ, ಮಗ ಬಿಡದಿಯ ಕಾರಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದರೆ ಒಲೆ ಆರುತ್ತದೆ. ಆ ಕಾರಿನ ಕಾರ್ಖಾನೆಗೆಂದು ಬಂದ ಜಪಾನಿ ಎಂಜಿನಿಯರುಗಳ ಊಟದ ಅಗತ್ಯವೂ ಬೆಂಗಳೂರಿನಲ್ಲಿ ಜಪಾನಿ ಹೋಟೆಲುಗಳು ಬೆಳೆಯಲು ಒಂದು ಕಾರಣ. ಅವರು ತಮ್ಮ ಊಟವನ್ನು ಸಾವಿರಾರು ಮೈಲಿ ಆಚೆಗೂ ಕೈಬಿಡಲಿಲ್ಲ, ಪೂರ್ತಿ ಬೆಲೆ ಕೊಟ್ಟು ಇಟ್ಟುಕೊಂಡರು. ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಲೋಮೀಟರು. ಅಷ್ಟು ದೂರ ಬರುವುದರೊಳಗೆ ನಮ್ಮ ಹುಡುಗರು ಡಬ್ಬಿಯಲ್ಲಿ ಮೀನುಸಾರು ಇದೆ ಎಂದು ಹೇಳಲು ಹಿಂದೆಮುಂದೆ ನೋಡುತ್ತಾರೆ, ಬಾಡಿಗೆ ಮನೆ ಹುಡುಕುವಾಗ ‘ನಾವು ವೆಜ್ಜು’ ಎಂದು ಸುಳ್ಳು ಹೇಳುತ್ತಾರೆ.

ಹಾಗಾಗಿ ನನ್ನ ಬೇಡಿಕೆಗಳು ಬಹಳ ಸಣ್ಣವು. 88ನೇ ಸಮ್ಮೇಳನ ಬಳ್ಳಾರಿಗೆ ನಿಗದಿಯಾಗಿದೆ, ಅದರ ಅಧ್ಯಕ್ಷತೆಗೆ ಬಾನು ಮುಷ್ತಾಕ್ ಅವರ ಹೆಸರು ಘೋಷಣೆಯಾಗಿದೆ. ಅಲ್ಲಿಗಾಗಲಿ ಅದರ ಮುಂದಿನದಕ್ಕಾಗಲಿ ಯಾವ ಊಟ ಹಾಕುತ್ತಾರೋ ಹಾಕಲಿ, ಸಿಗರೇಟಿನ ಪಕ್ಕದಲ್ಲಿ ಮೀನನ್ನು ಬರೆಯದಿರಲಿ. ಸ್ಮರಣ ಸಂಚಿಕೆಯಲ್ಲಿ ಸಮಿತಿಗಳ ನೂರಾರು ಹೆಸರು ಅಚ್ಚಾಗುತ್ತವಲ್ಲ, ಅಡುಗೆ ಮಾಡಿದವರ ಹೆಸರುಗಳಿಗೂ ಒಂದು ಪುಟ ಕೊಡಲಿ. ಕನ್ನಡ ಎಂ.ಎ. ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಜಾನಪದ ಗೀತೆ ಹುಡುಕಿಕೊಂಡು ಹೋದ ಊರಿನಲ್ಲಿ, ಹಾಡಿದ ಅಜ್ಜಿಯನ್ನು ಆ ದಿನದ ಸಾರಿನ ಬಗ್ಗೆಯೂ ಕೇಳಿ ಬರೆದುಕೊಂಡು ಬರಲಿ, ಎಷ್ಟು ಹುಣಸೆಹಣ್ಣು, ಎಷ್ಟು ಹೊತ್ತು, ಯಾವ ಮೀನಿಗೆ ಯಾವ ಪಾತ್ರೆ ಎಂಬುದರ ಸಮೇತ. ಇನ್ನು ಮಾಕವಳ್ಳಿಯ ಕಡೆ ಕಾರಿನಲ್ಲಿ ಹೋಗುವ ಗೆಳೆಯರಿಗೆ: ಹನ್ನೆರಡೂವರೆಗೆ ಹೋಗಿ, ಎರಡು ಗಂಟೆಯ ಮೇಲೆ ಮೀನು ಉಳಿದಿರುವುದಿಲ್ಲ. ಏನೈತೋ ಅದನ್ನು ಉಣ್ಣಿ. ಎದ್ದು ಬರುವಾಗ ಅವಳು ಹೇಳಿದ ದರಕ್ಕೆ ಇನ್ನಷ್ಟು ಸೇರಿಸಿ ಕೊಡಿ. ಬೇಡ ಎನ್ನುತ್ತಾಳೆ, ಡಬ್ಬಿಯ ಕೆಳಗೆ ಇಟ್ಟು ಬನ್ನಿ. ಬರೆಯುವುದಾದರೆ ದರ ಬಿಟ್ಟು ಸಾರಿನ ಬಗ್ಗೆ ಬರೆಯಿರಿ.